ಮಲ್ಲಿಗೆ ಬಾರ್ಡರ್

ಕೋಟದ ಬಸ್ ಸ್ಟಾಪಿನ ಎದುರು ಸ್ಟುಡಿಯೋ ಇಟ್ಟುಕೊಂಡಿದ್ದ ಭೋಜನಿಗೆ ಅವತ್ತು ಬೆಳಿಗ್ಗೆ ಹೆಬ್ಬೆರಳು ಜಾರಿತು. ಬಚ್ಚಲಲ್ಲಿ ಕಾಲು ಜಾರಿದ್ದರೆ ಒಂದು ವಾರದಲ್ಲಿ ಗುಣವಾಗುತ್ತಿತ್ತು. ಇದು ಜಾರಿದ್ದು ವಾಟ್ಸಾಪಿನ ಮೇಲೆ.

ಊರಿಗೆ ಸ್ಟೇಟಸ್ಸಿನ ಹುಚ್ಚು ಹೊಸದಾಗಿ ಹಿಡಿದಿದ್ದ ಕಾಲ ಅದು. ಎಲ್ಲರ ಕೈಗೂ ಫೋನು ಬಂದಮೇಲೆ ಫೋಟೋ ತೆಗೆಸುವವರು ಕಮ್ಮಿಯಾಗಿ, ಭೋಜ ಬಾರ್ಡರ್ ಹಾಕುವ ಕೆಲಸ ಹಿಡಿದಿದ್ದ. ಜನ ತಾವೇ ತೆಗೆದ ವಿಡಿಯೋ ತಂದರೆ, ಇವನು ಅದರ ಸುತ್ತ ಹೂವು, ಬಳ್ಳಿ, ದೀಪ ಕೂರಿಸಿ ಕೊಡುತ್ತಿದ್ದ. ಗೃಹಪ್ರವೇಶಕ್ಕೆ ಗೊಂಡೆ ಹೂವು, ತೊಟ್ಟಿಲಿಗೆ ಬಲೂನು, ತೀರಿಹೋದವರಿಗೆ ತುಳಸಿ, ಮದುವೆ ನಿಶ್ಚಯಕ್ಕೆ ಮಲ್ಲಿಗೆ. ಬ್ರಹ್ಮಾವರದವರೆಗೂ ಜನ ಇದಕ್ಕೆ ಎಷ್ಟು ಒಗ್ಗಿದ್ದರೆಂದರೆ, ಒಳಗೆ ಏನು ಬರೆದಿದೆ ಎಂದು ಓದುವುದನ್ನೇ ಬಿಟ್ಟಿದ್ದರು. ತುಳಸಿ ಕಂಡರೆ ಕೈಮುಗಿಯುವ ಚಿತ್ರ ಒತ್ತುವುದು, ಮಲ್ಲಿಗೆ ಕಂಡರೆ ಲಡ್ಡಿನ ಚಿತ್ರ ಒತ್ತುವುದು, ಮುಂದೆ ಹೋಗುವುದು.

ಭೋಜನಿಗೆ ಮೂವತ್ತಾರು ವರ್ಷ. ಊರಿನ ಅರ್ಧ ಜೋಡಿಗಳಿಗೆ ಮಲ್ಲಿಗೆ ಕಟ್ಟಿದವನ ಸ್ವಂತ ಆಸ್ತಿ ಎಂದರೆ ನಾಲ್ಕು ಸೆಕೆಂಡಿನ ಒಂದು ವಿಡಿಯೋ. ಹೋದ ಮೇ ತಿಂಗಳ ಯಾರದೋ ಮದುವೆಯಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಓಡುತ್ತಲೇ ಇತ್ತು. ಮೀನು ಟೆಂಪೋದ ಕೊರಗನ ಮಗಳು ರಮಿತಾ ಬಂದು ಇವನ ಕೈಗೆ ಪಾನಕದ ಲೋಟ ಕೊಟ್ಟು, ಯಾವುದಕ್ಕೋ ನಕ್ಕು, ಆಚೆ ಹೋದಳು. ಅಷ್ಟೇ. ಬ್ರಹ್ಮಾವರದ ಮೆಡಿಕಲ್ಲಿನಲ್ಲಿ ಕೆಲಸಕ್ಕಿದ್ದ ಅವಳು ದಿನಾ ಬಸ್ಸು ಹತ್ತುವುದನ್ನು ಇವನು ಮೂರು ವರ್ಷದಿಂದ ಗಾಜಿನೊಳಗಿಂದ ನೋಡುತ್ತಿದ್ದ. ಹೊರಗೆ ಹೋಗಿ ಒಂದು ಮಾತಾಡಲು ಮಾತ್ರ ಕಾಲು ಏಳುತ್ತಿರಲಿಲ್ಲ.

ಅವತ್ತು ಆ ನಾಲ್ಕು ಸೆಕೆಂಡಿಗೆ ಮಲ್ಲಿಗೆ ಹಾಕಿದರೆ ಹೇಗೆ ಕಂಡೀತು ಎಂಬ ಆಸೆ ಬಂತು. ಹಾಕಿದ. ಎಡಕ್ಕೆ ಇವನು, ಬಲಕ್ಕೆ ಅವಳು, ಸುತ್ತ ಮಲ್ಲಿಗೆ ದಂಡೆ. ಕಣ್ಣು ತುಂಬಿ ಬಂತು ಅವನಿಗೆ. ತನ್ನದೇ ಇನ್ನೊಂದು ನಂಬರಿಗೆ ಕಳಿಸಿಕೊಳ್ಳಲು ಹೋಗಿ ಸ್ಟೇಟಸ್ಸಿಗೆ ಒತ್ತಿದ. ನೋಡದೆ ಫೋನನ್ನು ಚಾರ್ಜಿಗಿಟ್ಟು ಪಕ್ಕದ ಹೋಟೆಲಿಗೆ ಬನ್ಸ್ ತಿನ್ನಲು ಹೋದ.

ವಾಪಸು ಬರುವಾಗ ಮೀನು ಮಾರುವ ಅಮ್ಮಣಿ ಬುಟ್ಟಿ ಇಳಿಸಿ ಬಾಗಿಲಲ್ಲೇ ಕೂತಿದ್ದಳು.

"ಹ್ವಾಯ್ ಭೋಜ! ಒಂದ್ ಮಾತ್ ಹೇಳುಕೂ ಇಲ್ಯಾ? ನಾ ಎಂತ ಊಟಕ್ ಬಂದ್ ಪಾತ್ರಿ ಹೊತ್ಕಂಡ್ ಹೋತ್ನಾ?"

"ಎಂತದ್ ಅಮ್ಮಣಿಯಕ್ಕ?"

"ನಾಚ್ಕಿ ಕಾಣ್ ಇವಂದ್! ಕೊರಗನ ಮಗ್ಳ್ ಒಳ್ಳೆ ಹೆಣ್ ಮಾರಾಯ. ಹಿಡಿ ಬಂಗ್ಡಿ. ನಿಶ್ಚಯ ಆದವ್ರತ್ರ ಬರಿಗೈಯಗೆ ಬಪ್ಪುಕ್ ಆತ್ತಾ?"

ಒಂದು ಕೈಯಲ್ಲಿ ಬಂಗಡೆ ಮೀನು ಹಿಡಿದುಕೊಂಡೇ ಭೋಜ ಫೋನಿಗೆ ಹಾರಿದ. ಇನ್ನೂರ ಹದಿನಾಲ್ಕು ಜನ ನೋಡಿಯಾಗಿತ್ತು. ಲಡ್ಡುಗಳು ಸಾಲುಸಾಲಾಗಿ ಬಂದು ಬಿದ್ದಿದ್ದವು. ಅಷ್ಟರಲ್ಲಿ ಅಮ್ಮ ಜಲಜಳ ಫೋನು.

"ಮಗಾ, ಇಷ್ಟ್ ವರ್ಷ ದೇವ್ರಿಗ್ ಹೇಳ್ಕಂಡದ್ ಇವತ್ತ್ ಆಯ್ತ್ ಕಾಣ್. ಬೈಂದೂರ್ ಚಿಕ್ಕಮ್ಮಂಗೂ ಹೇಳ್ದೆ. ನಂಗ್ ಮೊದ್ಲ್ ಹೇಳ್ಲಿಲ್ಲ ಅಂದೇಳಿ ಸಿಟ್ಟಿಲ್ಲ."

"ಅಮ್ಮಾ, ಅದ್ ಹಾಂಗಲ್ಲ..."

"ಹಾಂಗಾರೂ ಅಡ್ಡಿಲ್ಲ, ಹೀಂಗಾರೂ ಅಡ್ಡಿಲ್ಲ," ಎಂದು ಅವಳು ಫೋನಿಟ್ಟಳು.

ಭೋಜ ಬಂಗಡೆ ಕೆಳಗಿಟ್ಟು ಸ್ಟೇಟಸ್ಸನ್ನು ಅಳಿಸಿದ. ಬುದ್ಧಿವಂತಿಕೆ ನೋಡಿ ಇವನದು! ಮಲ್ಲಿಗೆ ಬಾರ್ಡರ್ ಹಾಕಿ ಒಂದೇ ಗಂಟೆಯಲ್ಲಿ ತೆಗೆದರೆ ಊರು ಸುಮ್ಮನಿರುತ್ತದೆಯೇ? ಸಂಬಂಧ ಮುರಿದುಬಿತ್ತು ಎಂದು ಸುದ್ದಿ ಹಬ್ಬಿತು. ಬಸ್ಸಿನ ಕಂಡಕ್ಟರ್ ಚಂದ್ರ ಇಳಿದು ಬಂದು ಬೆನ್ನು ತಟ್ಟಿದ. "ಬೇಜಾರ್ ಮಾಡ್ಕಣ್ಬೇಡ ಮಾರಾಯ. ಇವತ್ತೇ ಗೊತ್ತಾದ್ದ್ ಒಳ್ಳೇದಾಯ್ತ್." ಎಂತ ಗೊತ್ತಾಯಿತು ಎಂದು ಇವನು ಕೇಳುವ ಮೊದಲೇ ಬಸ್ಸು ಹೊರಟಿತು. ಒಂದು ಸುತ್ತು ಮುಗಿಸಿ ಬಂದ ಅಮ್ಮಣಿ, "ಬಂಗ್ಡಿ ನೀನೇ ಇಟ್ಕೋ. ಖಾರ ಮಾಡಿ ಸಾರ್ ಉಣ್ಣ್, ದುಃಖ ಕಮ್ಮಿ ಆತ್ತ್," ಎಂದಳು.

ಹನ್ನೆರಡು ಗಂಟೆಗೆ ಕೊರಗನ ಟೆಂಪೋ ಸ್ಟುಡಿಯೋದ ಮೆಟ್ಟಿಲಿಗೇ ಬಂದು ನಿಂತಿತು. ಕೊರಗ ಎಂದರೆ ಆಳು ಬಾಗಿಲಿನಷ್ಟಿದ್ದ. ಭೋಜ ಕ್ಯಾಮೆರಾದ ಹಿಂದೆ ಸರಿದ.

"ಹಾಕ್ದವ ನೀನೇಯಾ?"

"ಹೌದ್... ತಪ್ಪಾಯ್ತ್. ಆಗ್ಳೇ ತೆಗ್ದೆ."

"ಹಾಕ್ದದ್ದ್ ಬಿಡ್. ತೆಗ್ದದ್ ಎಂತಕೆ? ಗಂಡ್ ಬ್ಯಾಡ ಅಂದ್ನಾ ಅಂದೇಳಿ ಮೀನ್ ಬಂದರಗೆ ಎಲ್ಲ ನನ್ನ ಕೇಂತ್ರ್. ನನ್ ಮಗ್ಳಿಗ್ ಎಂತ ಕಮ್ಮಿ ಇತ್ತ್?"

"ಎಂತದೂ ಕಮ್ಮಿ ಇಲ್ಲ!" ಎಂದ ಭೋಜ. ಮೂರು ವರ್ಷ ಒಳಗಿಟ್ಟುಕೊಂಡ ಮಾತು ಎಷ್ಟು ಜೋರಾಗಿ ಬಂತೆಂದರೆ ಕೊರಗನೇ ಒಂದು ಹೆಜ್ಜೆ ಹಿಂದೆ ಸರಿದ.

ಕೊರಗ ಅವನನ್ನು ಮೇಲಿಂದ ಕೆಳಗೆ ನೋಡಿ, ಏನೋ ಯೋಚನೆ ಮಾಡಿ, ದನಿ ಇಳಿಸಿದ. "ಹಂಗಾರೆ ವಾಪಸ್ ಹಾಕ್. ನಂಗೂ ಒಂದ್ ಕಳ್ಸ್. ಸಂಜಿಗ್ ರಮಿತಾ ಇಲ್ಲಿಗ್ ಬತ್ತ್, ನಿನ್ ಹತ್ರ ಮಾತಾಡುಕಿತ್ತಂಬ್ರ್. ಎಲ್ಲಿಗೂ ಹೋಗ್ಬೇಡ."

ಹೆಣ್ಣಿನ ಅಪ್ಪನೇ ನಿಂತು ಹಾಕಿಸಿದ ಮೇಲೆ ಇನ್ನೇನು ಬೇಕು, ನೀವೇ ಹೇಳಿ. ಭೋಜ ವಿಡಿಯೋ ಮತ್ತೆ ಹಾಕಿದ, ಕೊರಗನಿಗೂ ಕಳಿಸಿದ. ಮನೆಗೆ ಓಡಿ ಎರಡನೇ ಸಲ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಬಂದ. ಜಲಜ ಏನೂ ಕೇಳದೆ ಮಗನ ಕಾಲರ್ ಸರಿಮಾಡಿದ್ದಳು. ಮಧ್ಯಾಹ್ನವಿಡೀ ಅವನು ಒಬ್ಬನೇ ಕೂತು ರಮಿತಾಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ಇಷ್ಟು ದಿನ ಗಾಜಿನಾಚೆ ಇದ್ದವಳು ಇವತ್ತು ಗಾಜಿನೊಳಗೆ ಬರುತ್ತಾಳೆ ಎಂದು ನೆನೆದಾಗಲೆಲ್ಲ ಎದ್ದು ಗಾಜು ಒರೆಸುತ್ತಿದ್ದ.

ಐದೂ ಮುಕ್ಕಾಲಿಗೆ ಅವಳು ಬಸ್ಸಿಳಿದು, ರಸ್ತೆ ದಾಟಿ, ನೇರ ಒಳಗೆ ಬಂದಳು. ಮುಖ ತುಂಬ ನಗು.

"ನಿಮ್ಗೆ ಹ್ಯಾಂಗ್ ಉಪಕಾರ ಹೇಳುದ್ ಅಂದೇಳಿ ಗೊತ್ತಾತಿಲ್ಲ," ಎಂದಳು.

ಬಾಯಿಪಾಠ ಮಾಡಿದ್ದು ಉಪಕಾರದಿಂದ ಶುರುವಾಗುತ್ತಿರಲಿಲ್ಲ. ಭೋಜ ಕುರ್ಚಿ ತೋರಿಸಿದ.

"ಮುಂಬಯಿಯಗೆ ಸುಶಾಂತ್ ಅಂದೇಳಿ. ಒಂದ್ ವರ್ಷ ಆಯ್ತ್ ಮಾತ್ಕತಿ ಆಯಿ. ನಂಗೆ ಅವ್ರಂದ್ರೆ ಜೀವ. ಮದಿ ಯಾವಾಗ ಅಂದೇಳಿ ಕೇಂಡ್ರೆ 'ಕಾಂಬ, ಕಾಂಬ' ಅಂಬುದೊಂದೇ. ನಿಮ್ ವಿಡಿಯೋನ ಅಪ್ಪಯ್ಯ ಅವ್ರಿಗ್ ಕಳ್ಸ್ದ್ರ್. ಮತ್ತೆ ಹಾಕ್ಸ್ದದ್ದೂ ಅದ್ಕೇ. ಹತ್ತ್ ನಿಮಿಷದಗೆ ಫೋನ್ ಬಂತ್ ಕಾಣಿ! 'ಕೌನ್ ಹೈ ವೋ ಸ್ಟುಡಿಯೋವಾಲಾ' ಅಂದೇಳಿ ಬೈದ್, ಕಡಿಗ್ ಬಪ್ಪ ತಿಂಗ್ಳೇ ಮದಿ ಅಂದ್ರ್."

ಭೋಜ ಸ್ಟೂಲಿನ ಮೇಲೆ ಕೂತ. ಆಮೇಲೆ ಕೇಳಿದ, "ನಿಮ್ಗ್ ಖುಷಿ ಇತ್ತಾ?"

"ಹ್ಞಾಂ," ಎಂದಳು ರಮಿತಾ. ಅವಳ ಕಣ್ಣು ನೋಡಿದರೆ ಸುಳ್ಳಲ್ಲ ಎಂದು ಗೊತ್ತಾಗುತ್ತಿತ್ತು.

"ಒಂದ್ ಕೆಲ್ಸ ಮಾಡಿ ಕೊಡ್ಕ್. ನಮ್ದೂ ಒಂದ್ ಸ್ಟೇಟಸ್ ಬೇಕ್. ಬೇರೆ ಎಂತ ಬ್ಯಾಡ, ಅದೇ ವಿಡಿಯೋ. ಅಷ್ಟ್ ಚಂದ ನೆಗಾಡ್ದದ್ದ್ ನಂದ್ ಬೇರೆ ಯಾವ್ದ್ರಗೂ ಇಲ್ಲ. ನೀವ್ ನಿಂತ ಜಾಗದಗೆ ಅವ್ರ ಫೋಟೋ ಕೂರ್ಸಿ." ಮುಂಬಯಿಯಿಂದ ಬಂದ ಫೋಟೋವನ್ನು ಅವನಿಗೆ ಕಳಿಸಿ, ಅವಳು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

ಭೋಜ ಕಂಪ್ಯೂಟರ್ ತೆರೆದ. ಪಾನಕದ ಲೋಟ ಹಿಡಿದು ನಿಂತ ತನ್ನನ್ನು ಒಮ್ಮೆ ನೋಡಿಕೊಂಡ. ಎಡಗಡೆಯ ಮಲ್ಲಿಗೆ ದಂಡೆಯನ್ನು ಹಿಡಿದು ಸ್ವಲ್ಪ ಎಳೆದ. ಭುಜ ಮುಚ್ಚಿತು. ಇನ್ನೂ ಸ್ವಲ್ಪ ಎಳೆದ. ಮುಖವೂ ಮುಚ್ಚಿತು. ಅದರ ಮೇಲೆ ಸುಶಾಂತನನ್ನು ಗುಂಡಗೆ ಕತ್ತರಿಸಿ ಕೂರಿಸಿದ.

ರಮಿತಾ ಬಗ್ಗಿ ನೋಡಿದಳು. "ಈಗ ಕಾಣಿ," ಎಂದಳು, "ಮಲ್ಲಿಗಿ ಮೊದ್ಲಿಗಿಂತ ತುಂಬ್ಕಂಡ್ ಚಂದ ಆಯ್ತ್."