ಅರ್ಧ ಕಮಾನು, ಆರು ತಂತಿ

೨೦೧೫ನೆಯ ಇಸವಿ, ಜನವರಿ ೧೨, ಸೋಮವಾರ. ನಡು ಚಳಿಗಾಲ. ಪಶ್ಚಿಮದಿಂದ ಬಿರುಗಾಳಿ, ಅದರ ಬೆನ್ನಿಗೆ ಹಿಮವೂ ಅಲ್ಲದ, ಮಳೆಯೂ ಅಲ್ಲದ ಒಂದು ಅನಿಶ್ಚಿತ ಪದಾರ್ಥ. (ಆಕಾಶವಾದರೂ ಏನನ್ನು ಸುರಿಸಬೇಕೆಂದು ಮೊದಲು ತೀರ್ಮಾನಿಸಿಕೊಂಡು ಆಮೇಲೆ ಸುರಿಸಬೇಕೆಂಬುದು ನನ್ನ ಅಭಿಪ್ರಾಯ.) ಅಂದು ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಸ್ವೆಂಡ್‌ಬೋರ್ಗಿನ ನಮ್ಮ ಮನೆಯ ಅಡುಗೆಮನೆಯ ಮೇಜಿನ ಮೇಲೆ, ನಾನು ಒಂದು ಎಲೆಕ್ಟ್ರಿಕ್ ಗಿಟಾರನ್ನು ಪ್ರತಿಷ್ಠಾಪಿಸಿದೆ. ಆಗ ನನ್ನ ವಯಸ್ಸು ಎಪ್ಪತ್ತಮೂರು ವರ್ಷ, ಎರಡು ತಿಂಗಳು, ನಾಲ್ಕು ದಿನ.

ನನ್ನ ಹೆಂಡತಿ ಬೋಡಿಲ್ ಕೈಯಲ್ಲಿ ಮೀನಿನ ತಟ್ಟೆ ಹಿಡಿದು ನಿಂತಿದ್ದಳು.

"ಆಸ್ಗರ್, ಇದೇನು?"

"ಗಿಟಾರು."

"ಅದು ಕಾಣ್ತಾ ಇದೆ. ನನ್ನ ಮೀನಿನ ಜಾಗದಲ್ಲಿ ಯಾಕೆ ಮಲಗಿದೆ ಅಂತ ಕೇಳಿದ್ದು."

ಕಾರಣವನ್ನು ಓದುಗರಿಗೆ ಕ್ರಮವಾಗಿ ತಿಳಿಸುವುದು ನನ್ನ ಕರ್ತವ್ಯ. ನಮ್ಮ ಬೀದಿಯಲ್ಲಿ ಯಾವ ದಂಪತಿಗಳ ಮದುವೆಯ ಬೆಳ್ಳಿಹಬ್ಬವಾಗಲಿ (ಇಪ್ಪತ್ತೈದು ವರ್ಷ) ಚಿನ್ನದ ಹಬ್ಬವಾಗಲಿ (ಐವತ್ತು ವರ್ಷ) ಬಂದರೂ, ಆ ದಿನ ಬೆಳಗ್ಗೆ ಏಳಕ್ಕೆ ನೆರೆಹೊರೆಯವರೆಲ್ಲ ಅವರ ಕಿಟಕಿಯ ಕೆಳಗೆ ಸೇರಿ ವಾದ್ಯ ಬಾರಿಸಿ ಹಾಡಿ ಎಬ್ಬಿಸುತ್ತಾರೆ. ದಂಪತಿಗಳು ಐದು ಗಂಟೆಗೇ ಎದ್ದು, ತಲೆ ಬಾಚಿಕೊಂಡು, ಮತ್ತೆ ಹಾಸಿಗೆಗೆ ಹೋಗಿ, ಕಣ್ಣು ಮುಚ್ಚಿ, ಗಾಢ ನಿದ್ರೆಯಲ್ಲಿರುವಂತೆ ಬಿದ್ದುಕೊಂಡಿರಬೇಕು. ಹಾಡು ಕೇಳಿ ಪರಮಾಶ್ಚರ್ಯದಿಂದ ಬಾಗಿಲು ತೆರೆದು, ಬಂದವರಿಗೆಲ್ಲ ಬನ್ನು, ಬೆಣ್ಣೆ, ಕಾಫಿ, ಒಂದೊಂದು ಸಣ್ಣ ಲೋಟ ಕಹಿ ಮದ್ಯ ಕೊಡಬೇಕು. ಇದು ನಮ್ಮ ಬೀದಿಯ ಅಲಿಖಿತ ಸಂವಿಧಾನ.

ಈ ಪ್ರಭಾತ ಸಂಗೀತದಲ್ಲಿ ಬೋಡಿಲ್‌ಳದು ಅಕಾರ್ಡಿಯನ್. ಮಾಂಸದ ಅಂಗಡಿಯಿಂದ ನಿವೃತ್ತನಾದ ಎವಾಲ್ಡನದು ತುತ್ತೂರಿ. ನನ್ನದು? ಹಾಡಿನ ಹಾಳೆಗಳನ್ನು ಹಿಡಿದುಕೊಳ್ಳುವುದು. ೧೯೯೬ರ ಮೇ ೪ರಂದು ಒಂದು ಬೆಳ್ಳಿಹಬ್ಬದಲ್ಲಿ, ತಂಡದವರು ಏಳು ಗಂಟೆಗೆ ಬದಲು ಆರು ಐವತ್ತೆರಡಕ್ಕೇ ಆರಂಭಿಸಿದರೆಂದು ನಾನು ಎರಡನೆಯ ಚರಣದಲ್ಲಿ ಕೈಯೆತ್ತಿ ಹಾಡು ನಿಲ್ಲಿಸಿದೆ. ರೈಲ್ವೆಯ ವೇಳಾಪಟ್ಟಿ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದವನು ಇನ್ನೇನು ಮಾಡಬೇಕಿತ್ತು? ಅಂದಿನಿಂದ ನನಗೆ ಹಾಳೆಯೇ ಗತಿ. ಹದಿನೆಂಟು ವರ್ಷಕ್ಕೂ ಮೇಲ್ಪಟ್ಟು ನಾನು ಆ ಸಂಗೀತದಲ್ಲಿ ಒಂದು ಜೀವಂತ ಮೇಜಾಗಿ ನಿಂತಿದ್ದೆ. ಸಾಯುವ ಮೊದಲು ಒಮ್ಮೆಯಾದರೂ ಆ ಸಾಲಿನಲ್ಲಿ ವಾದ್ಯಗಾರನಾಗಿ ನಿಲ್ಲಬೇಕೆಂಬ ಆಸೆ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಮುಂದಿನ ಸರದಿ ಒಂಬತ್ತನೆಯ ನಂಬರಿನ ಮನೆಯ ಬಡಗಿ ತ್ರೂಲ್ಸ್ ಮತ್ತು ಅವನ ಹೆಂಡತಿ ಸಿಗ್ನೆಯರದು. ತಾಮ್ರದ ಹಬ್ಬ. ಎಂದರೆ ಮದುವೆಯಾಗಿ ಹನ್ನೆರಡೂವರೆ ವರ್ಷ. ಬೆಳ್ಳಿಹಬ್ಬದ ಅರ್ಧವಾದ್ದರಿಂದ ಬಾಗಿಲಿಗೆ ಕಟ್ಟುವ ಸೊಪ್ಪಿನ ಕಮಾನೂ ಅರ್ಧವೇ.

"ತುತ್ತೂರಿ ಎದುರು ಕೇಳಿಸ್ಬೇಕಾದ್ರೆ ಕರೆಂಟೇ ಬೇಕು," ಎಂದು ನಾನು ಬೋಡಿಲ್‌ಗೆ ವಿವರಿಸಿದೆ. "ಎವಾಲ್ಡ್ ಒಪ್ಪಿದಾನೆ."

"ಏನಂತ ಒಪ್ಪಿದ?"

"ಮೂರು ಸ್ವರಮೇಳ ಕಲಿತ್ಕೊಂಡು ಬಾ ಅಂದ."

"ಅಷ್ಟೇನಾ?"

"...ಬಾಯಿ ಮಾತ್ರ ತೆಗೀಬೇಡ ಅಂದ."

"ಹಾಗಾದ್ರೆ ಸರಿ," ಎಂದು ಬೋಡಿಲ್ ಗಿಟಾರನ್ನು ಪಕ್ಕಕ್ಕೆ ಸರಿಸಿ ಮೀನನ್ನು ಅದರ ಸ್ವಸ್ಥಾನದಲ್ಲಿ ಇಟ್ಟಳು.

ಪ್ರಥಮ ಅನಿಸಿಕೆಗಳನ್ನು ನಾನು ಅಂದೇ ಒಂದು ನೋಟುಪುಸ್ತಕದಲ್ಲಿ ದಾಖಲಿಸಿದೆ. ಗಿಟಾರು ಅಗ್ಗಕ್ಕೆ ಸಿಕ್ಕಿತ್ತು. ಅಗ್ಗದ ವಸ್ತು ಅಗ್ಗದ್ದೇ ಆಗಿರುತ್ತದೆಂದು ನನ್ನ ತಲೆಮಾರಿನ ನಂಬಿಕೆ; ಆದ್ದರಿಂದ ದೋಷ ಹುಡುಕಲು ಕನ್ನಡಕ, ಭೂತಗನ್ನಡಿ, ಅಡಿಪಟ್ಟಿ ಮೂರನ್ನೂ ಸಿದ್ಧವಾಗಿಟ್ಟುಕೊಂಡಿದ್ದೆ. ತೂಕ ಮೂರು ಕಿಲೋ ನಾನೂರು ಗ್ರಾಂ (ಮೀನಿನ ತಕ್ಕಡಿಯಲ್ಲಿ). ಬಣ್ಣ ಸಮುದ್ರಹಸಿರು, ಎಲ್ಲಿಯೂ ಸೋರಿಲ್ಲ, ಗುಳ್ಳೆ ಎದ್ದಿಲ್ಲ. ಕತ್ತು ನುಣುಪು. ಲೋಹದ ಮೆಟ್ಟುಗಳ ತುದಿ ಬೆರಳಿಗೆ ಚುಚ್ಚುವುದಿಲ್ಲ. ಬಿರಡೆ ತಿರುಗಿಸಿ ಶ್ರುತಿ ಕೂಡಿಸಿದರೆ ಮರುದಿನ ಬೆಳಗ್ಗೆಯೂ ಅಲ್ಲಿಯೇ ನಿಂತಿರುತ್ತದೆ. (ಇಷ್ಟು ನಿಷ್ಠೆ ನನಗೆ ರೈಲ್ವೆಯಲ್ಲಿ ಇಬ್ಬರಲ್ಲಿ ಮಾತ್ರ ಕಂಡಿತ್ತು, ಒಬ್ಬ ನಾನು.) ಇಡೀ ವಾದ್ಯದಲ್ಲಿ ಸಿಕ್ಕ ದೋಷ ಒಂದೇ: ಹಿಂಬದಿಯ ಒಂದು ತಿರುಪು ಅರ್ಧ ಸುತ್ತು ಸಡಿಲ. ಅದನ್ನು ಬಿಗಿದ ಮೇಲೆ ದೂರಲು ಏನೂ ಉಳಿಯದೆ ನಾನು ಬಹಳ ಹೊತ್ತು ಅಶಾಂತನಾಗಿ ಕುಳಿತಿದ್ದೆ.

"ಗಿಟಾರಲ್ಲಿ ತಪ್ಪಿಲ್ಲ ಅಂದ್ರೆ," ಎಂದಳು ಬೋಡಿಲ್, "ಇನ್ಮೇಲೆ ತಪ್ಪೆಲ್ಲ ನಿಂದೇ ಅಂತಾಯ್ತು."

ಅವಳ ಮಾತು ನಿಜವಾಯಿತು. ಮೊದಲನೆಯ ಸ್ವರಮೇಳ (ಒಮ್ಮೆಗೇ ಹಲವು ತಂತಿ ಒತ್ತಿ ಹಿಡಿಯುವ ಬೆರಳಿನ ಪಟ್ಟು) ಜನವರಿ ೧೯ಕ್ಕೆ ವಶವಾಯಿತು. ಎರಡನೆಯದು ಫೆಬ್ರವರಿ ೨ಕ್ಕೆ. ಎರಡರಿಂದ ಮೂರಕ್ಕೆ ದಾಟುವಾಗ ಮಾತ್ರ ನನ್ನ ಉಂಗುರದ ಬೆರಳು ಗಡಿಯಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವನ ಹಾಗೆ ತಡಬಡಾಯಿಸುತ್ತಿತ್ತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹಗಲೆಲ್ಲ ಅಭ್ಯಾಸ. ಊಟದ ಮೇಜಿನಲ್ಲೂ ಬೆರಳುಗಳು ನಿಲ್ಲುತ್ತಿರಲಿಲ್ಲ. ಫೋರ್ಕಿನ ಹಿಡಿಯ ಮೇಲೆ ಎರಡು, ಮೂರು, ಎರಡು, ಮೂರು. "ಆಲೂಗಡ್ಡೆಗೂ ಪಾಠ ಹೇಳ್ಬೇಡ, ತಿನ್ನು," ಎಂದು ಬೋಡಿಲ್ ದಿನಕ್ಕೊಮ್ಮೆ ಗದರುತ್ತಿದ್ದಳು.

ಫೆಬ್ರವರಿ ೧೫, ಭಾನುವಾರ, ದಿನಾಂಕ ನಿಶ್ಚಯಿಸಲು ನಮ್ಮ ಅಡುಗೆಮನೆಯಲ್ಲಿ ಸಭೆ. ಇದು ಗುಟ್ಟಿನ ವಿಷಯ, ದಂಪತಿಗಳನ್ನು ಕೇಳುವಂತಿಲ್ಲ.

"ಮದುವೆ ೨೦೦೨ರ ಆಗಸ್ಟ್ ಮೂವತ್ತೊಂದು," ಎಂದ ಎವಾಲ್ಡ್, ಕೇಕಿನ ಮೂರನೆಯ ತುಂಡಿಗೆ ಕೈಹಾಕುತ್ತ. "ಹನ್ನೆರಡು ವರ್ಷ ಆಯ್ತು. ಮೇಲೆ ಆರು ತಿಂಗಳು. ಫೆಬ್ರವರಿ ಕೊನೇ ದಿನ, ಇಪ್ಪತ್ತೆಂಟು, ಶನಿವಾರ. ಮುಗೀತು."

"ಮುಗೀಲಿಲ್ಲ," ಎಂದೆ ನಾನು. "ಆಗಸ್ಟ್ ಮೂವತ್ತೊಂದಕ್ಕೆ ಆರು ತಿಂಗಳು ಕೂಡಿದ್ರೆ ಫೆಬ್ರವರಿ ಮೂವತ್ತೊಂದು. ಅಂಥ ದಿನ ಇದೆಯೇನಯ್ಯ?"

"ಇಲ್ಲ. ಅದಕ್ಕೇ ಇಪ್ಪತ್ತೆಂಟು."

"ಇಲ್ಲದ ದಿನದ ಬದಲಿಗೆ ಇಷ್ಟಬಂದ ದಿನ ಹಾಕ್ಕೊಳ್ಳೋಕೆ ಇದೇನು ಮಾಂಸದಂಗಡಿಯೇ? ಅರ್ಧ ವರ್ಷ ಅಂದ್ರೆ ನೂರಾ ಎಂಬತ್ತೆರಡೂವರೆ ದಿನ. ಇಪ್ಪತ್ತೆಂಟಕ್ಕೆ ಆಗೋದು ನೂರಾ ಎಂಬತ್ತೊಂದೇ. ಮಾರ್ಚ್ ಒಂದಕ್ಕೆ ನೂರಾ ಎಂಬತ್ತೆರಡು. ಉಳಿದ ಅರ್ಧ ದಿನಾನ ಉದಾರವಾಗಿ ಬಿಟ್ಕೊಡ್ತೀನಿ."

ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕೆಳಗೆ ಒಂದು ಸಾಲು ಸೇರಿಸಿ, ಎಲ್ಲರಿಗೂ ಹಂಚಿದೆ: "ಪೂರ್ತಿಯಾಗದ ಅವಧಿಗೆ ಹಾಡುವುದು ಸುಳ್ಳು ಸಾಕ್ಷಿ ಹೇಳಿದಂತೆ." ಸಭೆ ಹಾಳೆಯನ್ನು ನೋಡಿತು, ಕೇಕಿನ ತಟ್ಟೆಯನ್ನು ನೋಡಿತು, ಅದು ಖಾಲಿಯಾಗಿತ್ತು.

"ಆಯ್ತು ಮಾರಾಯ, ಮಾರ್ಚ್ ಒಂದು," ಎಂದ ಎವಾಲ್ಡ್. "ನಿನ್ನ ಹತ್ರ ವಾದ ಮಾಡೋದಕ್ಕಿಂತ ತುತ್ತೂರೀನೇ ನುಂಗಿಬಿಡಬಹುದು."

(ಓದುಗರಲ್ಲಿ ಮುಚ್ಚುಮರೆಯೇಕೆ? ಮೂರನೆಯ ಸ್ವರಮೇಳಕ್ಕೆ ಒಂದು ದಿನ ಹೆಚ್ಚು ಸಿಕ್ಕಿದ್ದು ನನಗೆ ಅಪ್ರಿಯವಾಗಿರಲಿಲ್ಲ.)

ಫೆಬ್ರವರಿ ೨೮, ಶನಿವಾರ, ಬೆಳಗ್ಗೆ ಆರರಿಂದಲೇ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಿಟಾರು ಹಿಡಿದು ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ ನಡೆದೆ. ಎದುರಿನ ಒಂಬತ್ತನೆಯ ನಂಬರಿನ ಪರದೆ ಎಂಟಾದರೂ ಮುಚ್ಚಿತ್ತು, ಒಂಬತ್ತಾದರೂ ಮುಚ್ಚಿತ್ತು. ಒಂಬತ್ತು ನಲವತ್ತಕ್ಕೆ ಪರದೆ ಒಂದು ಬೆರಳಗಲ ಸರಿದು, ಸಿಗ್ನೆಯ ಒಂದು ಕಣ್ಣು ಬೀದಿಯ ಆ ತುದಿ ಈ ತುದಿ ನೋಡಿ ಮಾಯವಾಯಿತು. ತಲೆಯನ್ನು ಸೊಗಸಾಗಿ ಬಾಚಿದ್ದಳು.

"ನೋಡು, ನಾಳೆಯ ನಾಟಕಕ್ಕೆ ಇವತ್ತೇ ತಾಲೀಮು ನಡೆಸ್ತಿದಾರೆ," ಎಂದು ನಾನು ಬೋಡಿಲ್‌ಗೆ ತೋರಿಸಿದೆ.

"ಆಸ್ಗರ್, ನಂಗ್ಯಾಕೋ ಇದು ಸರಿ ಕಾಣ್ತಿಲ್ಲ."

"ಲೆಕ್ಕ ಸರಿ ಇದೆ."

ಬೋಡಿಲ್ ಪೇಟೆಗೆ ಹೋದಳು. ನಾನು ಹೆಡ್‌ಫೋನ್ ಹಾಕಿಕೊಂಡು, ಬೀದಿಗೆ ಬೆನ್ನು ಮಾಡಿ, ಎರಡರಿಂದ ಮೂರಕ್ಕೆ ಮುನ್ನೂರು ಸಲ ದಾಟಿದೆ. ಸಂಜೆ ಆರಕ್ಕೆ ನಾವೆಲ್ಲ ತುದಿಗಾಲಲ್ಲಿ ಹೋಗಿ ಅವರ ಬಾಗಿಲಿಗೆ ಅರ್ಧ ಕಮಾನು ಕಟ್ಟಿದೆವು. ಮನೆಯಲ್ಲಿ ದೀಪವಿರಲಿಲ್ಲ. "ಬೇಗ ಮಲಗಿದಾರೆ, ಪಾಪ," ಎಂದು ಪಿಸುಗುಟ್ಟಿದ ಎವಾಲ್ಡ್.

ಮಾರ್ಚ್ ೧, ಭಾನುವಾರ. ಗಾಳಿಯಿಲ್ಲ, ನೆಲದ ಮೇಲೆ ತೆಳು ಮಂಜು. ಏಳು ಗಂಟೆಗೆ ಸರಿಯಾಗಿ (ನನ್ನ ಗಡಿಯಾರ) ಹತ್ತೊಂಬತ್ತು ಜನ ಕಿಟಕಿಯ ಕೆಳಗೆ ನಿಂತೆವು. ಬ್ಯಾಟರಿಯ ಸ್ಪೀಕರ್ ಪೆಟ್ಟಿಗೆ ನನ್ನ ಕಾಲ ಬಳಿ. ಅಕಾರ್ಡಿಯನ್ ಉಸಿರೆಳೆಯಿತು, ತುತ್ತೂರಿ ಕೂಗಿತು, ನನ್ನ ಉಂಗುರದ ಬೆರಳು ಗಡಿ ದಾಟಿತು! ಜೀವಮಾನದಲ್ಲಿ ಅಂಥ ಆನಂದ ನನಗೆ ಆಗಿರಲಿಲ್ಲ.

ಹಾಡು ಮುಗಿಯಿತು. ಪರದೆ ಅಲುಗಲಿಲ್ಲ.

"ಏನು ನಟನೆ ಕಣೋ!" ಎಂದ ಎವಾಲ್ಡ್ ಮೆಚ್ಚಿ. "ಇನ್ನೊಂದ್ಸಲ."

ಎರಡನೆಯ ಸಲವೂ ನಿಶ್ಶಬ್ದ. ಮೂರನೆಯ ಸಲಕ್ಕೆ ಎವಾಲ್ಡನ ತುಟಿ ಊದಿಕೊಂಡಿತು. ಈ ಮನೆಯ ನಿದ್ರೆಯನ್ನು ಭೇದಿಸುವ ಐತಿಹಾಸಿಕ ಹೊಣೆ ವಿದ್ಯುತ್ತಿನ ಮೇಲೆಯೇ ಬಿದ್ದಿದೆಯೆಂದು ತಿಳಿದು ನಾನು ಗುಂಡಿಯನ್ನು ನಾಲ್ಕರಿಂದ ಹತ್ತಕ್ಕೆ ತಿರುಗಿಸಿದೆ. ಬೀದಿಯ ಎಲ್ಲ ಕಿಟಕಿಗಳಲ್ಲೂ ದೀಪ ಹತ್ತಿತು. ಎರಡು ಬೀದಿ ಆಚೆಯ ನಾಯಿಗಳೂ ಎದ್ದವು. ಒಂಬತ್ತನೆಯ ನಂಬರು ಮಾತ್ರ ಅಚಲ.

ಏಳು ಇಪ್ಪತ್ತೈದಕ್ಕೆ ಬೋಡಿಲ್ ಅಕಾರ್ಡಿಯನ್ ಇಳಿಸಿ, ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಹಿಡಿದಳು.

"ತ್ರೂಲ್ಸ್? ಎಲ್ಲಿದ್ದೀಯಪ್ಪ?"

"ಫ್ಲೆನ್ಸ್‌ಬೋರ್ಗಲ್ಲಿ, ಹೋಟೆಲಲ್ಲಿ." ತ್ರೂಲ್ಸನ ಧ್ವನಿ ತಣ್ಣಗಿತ್ತು. "ನಿನ್ನೆ ಬೆಳಗ್ಗೆ ಐದರಿಂದ ಕಣ್ಣು ಮುಚ್ಕೊಂಡು ಬಿದ್ಕೊಂಡಿದ್ವಿ, ಬೋಡಿಲ್. ಒಂಬತ್ತೂವರೆಗೆ ನನ್ನ ಕತ್ತು ಹಿಡ್ಕೊಂಡ್ತು. ಸಿಗ್ನೆ ಅತ್ತಳು. ಇಡೀ ಬೀದಿ ನಮ್ಮನ್ನ ಮರೆತುಬಿಡ್ತು ಅಂತ ಮಧ್ಯಾಹ್ನ ಕಾರು ಹತ್ತಿದ್ವಿ. ನಲವತ್ತು ಬನ್ನು ಹಿಂದಿನ ಸೀಟಲ್ಲಿ ಒಣಗ್ತಾ ಇವೆ."

ಹದಿನೆಂಟು ಜನರು ನನ್ನ ಕಡೆ ತಿರುಗಿದರು. ನನ್ನ ಕೈ ತಂತಿಗೆ ತಗುಲಿತು. ಪೆಟ್ಟಿಗೆಯ ಗುಂಡಿ ಇನ್ನೂ ಹತ್ತರಲ್ಲೇ ಇತ್ತು.

"ಅದೇನು ಸದ್ದು?" ಎಂದ ತ್ರೂಲ್ಸ್.

"ನಿನ್ನನ್ನ ಮಾರ್ಚ್ ಒಂದಕ್ಕೆ ಮದುವೆ ಮಾಡ್ಸಿದ ಮಹಾನುಭಾವ," ಎಂದಳು ಬೋಡಿಲ್.

ಅವರು ಮಾರ್ಚ್ ೩, ಮಂಗಳವಾರ, ಹಿಂದಿರುಗಿದರು. ಅಂದೇ ಸಂಜೆ ನಾನು ಕ್ಷಮೆ ಕೇಳಲು ಹೋದೆ. ಬರಿಗೈಯಲ್ಲಿ ಹೋಗಲು ಮುಖವಿರಲಿಲ್ಲ. ಗಿಟಾರನ್ನೇ ಒಯ್ದೆ, ನೋಟುಪುಸ್ತಕದ ಸಮೇತ. ಅಳೆಯುವುದೂ ಮುಟ್ಟಿ ನೋಡುವುದೂ ಬಡಗಿಯ ಕೆಲಸ: ತ್ರೂಲ್ಸ್ ಕತ್ತಿನ ಉದ್ದಕ್ಕೂ ಹೆಬ್ಬೆರಳು ಜಾರಿಸಿ, "ಒಳ್ಳೇ ಕೆಲಸ," ಎಂದ. ಹತ್ತು ನಿಮಿಷದಲ್ಲಿ ಎರಡರಿಂದ ಮೂರಕ್ಕೆ ಕಾಲುವೆ ದಾಟುವ ಆಡಿನಂತೆ ದಾಟಿದ. ನಾನು ಬರಿಗೈಯಲ್ಲಿ ಮನೆಗೆ ಬಂದೆ.

ನಮ್ಮ ಚಿನ್ನದ ಹಬ್ಬ ಜೂನ್ ೧೨, ಶುಕ್ರವಾರ. (ಮದುವೆ ೧೯೬೫ರ ಜೂನ್ ೧೨. ಇದರಲ್ಲಿ ಯಾವ ತಕರಾರಿಗೂ ಅವಕಾಶವಿಲ್ಲ.) ಐದಕ್ಕೆ ಎದ್ದೆ, ತಲೆ ಬಾಚಿದೆ, ಮತ್ತೆ ಮಲಗಿ ಕಣ್ಣು ಮುಚ್ಚಿದೆ. ಏಳು ಹೊಡೆಯಿತು. ಎಂಟು ಹೊಡೆಯಿತು. ಬೀದಿಯಲ್ಲಿ ಸೈಕಲ್ಲೊಂದು ಹೋಯಿತು, ಅಷ್ಟೆ. ಒಂಬತ್ತೂವರೆಗೆ ನನ್ನ ಕತ್ತು ಹಿಡಿದುಕೊಂಡಿತು.

"ಯಾರೂ ಬರಲ್ಲ ಅಂತ ಕಾಣುತ್ತೆ," ಎಂದಳು ಬೋಡಿಲ್ ಆಕಳಿಸುತ್ತ. "ಏಳು, ಕಾಫಿ ಮಾಡು."

ಐವತ್ತು ವರ್ಷದ ದಾಂಪತ್ಯಕ್ಕೆ ಬೀದಿ ಕೊಟ್ಟ ಬೆಲೆಯನ್ನು ನೆನೆಯುತ್ತ ನಾನು ದಿನವಿಡೀ ಒಳಗೂ ಹೊರಗೂ ಓಡಾಡಿ, ದಣಿದು, ಹೊತ್ತಿಗೆ ಮೊದಲೇ ಮಲಗಿದೆ.

ಜೂನ್ ೧೩, ಶನಿವಾರ, ಬೆಳಗ್ಗೆ. ನಾನು ಬಾಯಿ ತೆರೆದು, ಹಲ್ಲಿನ ಸೆಟ್ಟನ್ನು ಲೋಟದಲ್ಲಿ ಬಿಟ್ಟು, ಅಪ್ಪಟ ನಿದ್ರೆಯಲ್ಲಿದ್ದಾಗ ಕಿಟಕಿ ನಡುಗಿತು. ಆ ಧ್ವನಿಯ ಗುರುತು ನನಗಿಲ್ಲವೇ? ಅದು ನನ್ನ ಗಿಟಾರು. ಪಕ್ಕದ ಹಾಸಿಗೆ ಖಾಲಿಯಾಗಿತ್ತು. ಪರದೆ ಸರಿಸಿದೆ. ಬಾಗಿಲಿಗೆ ಪೂರ್ತಿ ಕಮಾನು. ಕೆಳಗೆ ತ್ರೂಲ್ಸ್, ಎವಾಲ್ಡ್, ಇಡೀ ಬೀದಿ. ಎಲ್ಲರ ಮುಂದೆ, ರಾತ್ರಿಯುಡುಪಿನ ಮೇಲೆ ನನ್ನ ಕೋಟು ತೊಟ್ಟು ಅಕಾರ್ಡಿಯನ್ ನುಡಿಸುತ್ತ, ಬೋಡಿಲ್.

"ನಿನ್ನ ಹಬ್ಬಕ್ಕೆ ನೀನೇ ಬಾರಿಸ್ತೀಯೇನೇ?" ಎಂದು ಕೂಗಿದೆ.

"ಅಕಾರ್ಡಿಯನ್ ಇಲ್ದೆ ಹಾಡು ಹೇಗಾಗುತ್ತೆ?"

ಸಿಗ್ನೆ ಒಂದು ಹಾಳೆಯನ್ನು ಮೇಲೆತ್ತಿ ಹಿಡಿದಳು. ಫೆಬ್ರವರಿ ೧೫ರಂದು ನಾನು ಹಂಚಿದ್ದ ಹಾಳೆ.

"ಚರ್ಚಿನ ಪುಸ್ತಕದಲ್ಲಿ ನಿಮ್ಮ ಮದುವೆ ಮಧ್ಯಾಹ್ನ ಎರಡಕ್ಕೆ ಅಂತಿದೆ, ಆಸ್ಗರ್! ನಿನ್ನೆ ಬೆಳಗ್ಗೆ ಏಳಕ್ಕೆ ಐವತ್ತು ವರ್ಷಕ್ಕಿನ್ನೂ ಏಳು ಗಂಟೆ ಕಮ್ಮಿ. ಸುಳ್ಳು ಸಾಕ್ಷಿ ಹೇಳೋಕಾಗುತ್ತಾ? ಅರ್ಧ ದಿನ ಬಿಟ್ಕೊಡೋಷ್ಟು ಉದಾರಿಗಳಲ್ಲ ನಾವು!"

ನಾನು ಕಿಟಕಿಯಲ್ಲೇ ನಿಂತು ಲೆಕ್ಕವನ್ನು ಪರಿಶೀಲಿಸಿದೆ. ಸರಿಯಾಗಿತ್ತು.

ಅಂದು ಸೇರಿದವರು ಮೂವತ್ತೊಂದು ಜನ. ಖರ್ಚಾದ ಬನ್ನು ಅರವತ್ತೆರಡು; ಬೋಡಿಲ್ ಅವನ್ನು ಶನಿವಾರಕ್ಕೆಂದು ಗುರುವಾರವೇ ಹೇಳಿಟ್ಟಿದ್ದಳು. ಹಾಡು ಏಳು ಗಂಟೆಗೆ ಸರಿಯಾಗಿ ಆರಂಭವಾಯಿತು. ಹಲ್ಲಿನ ಸೆಟ್ಟು ಹಾಕಿಕೊಂಡು ನಾನು ಕೆಳಗಿಳಿದ ಮೇಲೆ ಅದನ್ನು ಇನ್ನೊಮ್ಮೆ ಹಾಡಿದರು. ಹಾಳೆಗಳನ್ನು ನಾನು ಹಿಡಿದುಕೊಂಡಿದ್ದೆ.