ಅಕ್ಕನ ಸಂಶೋಧನೆಗೆ ಅಡ್ಡ ಕೂತವನು

ನಮ್ಮಕ್ಕನ ಜೊತೆ ಊಟಕ್ಕೆ ಕೂತರೆ ಅನ್ನ ಆರುತ್ತದೆಯೇ ಹೊರತು ಊಟ ಮುಗಿಯುವುದಿಲ್ಲ! ಅವಳ ಸಂಶೋಧನೆಯೇ ಅಂಥದ್ದು. ಅನ್ನ, ನೀರು, ಕರೆಂಟು ಈ ಮೂರೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಅವಳ ವಿಷಯ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿರುವ ನನಗೆ ಗೊತ್ತಿರುವುದು ಅನ್ನಕ್ಕೂ ಹೊಟ್ಟೆಗೂ ಇರುವ ಸಂಬಂಧ ಮಾತ್ರ. ಅದನ್ನು ನನ್ನ ಅಂಗಿಯ ಗುಂಡಿಗಳೇ ಸಾರುತ್ತವೆ.

ಒಮ್ಮೆ ಹೊಸಪೇಟೆಯ ಹೋಟೆಲಿನಲ್ಲಿ ಬಿಸಿ ಮಿರ್ಚಿ ಬಜ್ಜಿ ಪಕ್ಕಕ್ಕಿಟ್ಟುಕೊಂಡು ಮಂಡಕ್ಕಿ ಒಗ್ಗರಣೆಗೆ ಕೈ ಹಾಕಿದ್ದೆ. ಅಕ್ಕ ಕೈ ಹಿಡಿದಳು.

"ಲೇ ತಮ್ಮಾ, ಇದರ ಭತ್ತಕ್ಕ ಎಷ್ಟು ನೀರು, ಹುರಿಯಾಕ ಎಷ್ಟು ಉರಿ ಬೇಕಾತು, ವಿಚಾರ ಮಾಡೀಯೇನು?"

"ಮಿರ್ಚಿ ಆರಾಕತ್ತೈತಿ, ಅದನ್ನ ವಿಚಾರ ಮಾಡಾಕತ್ತೀನಿ."

ಹೋಟೆಲಿನವರು ಅವಳನ್ನು ಯಾವುದೋ ಇಲಾಖೆಯವಳೆಂದು ತಿಳಿದು ನಮ್ಮ ತಟ್ಟೆಗೆ ಇನ್ನೆರಡು ಬಿಸಿ ಮಿರ್ಚಿ ಹಾಕಿ ಹೋದರು. ಸಂಶೋಧನೆಯ ಮೇಲೆ ನನಗೆ ಗೌರವ ಹುಟ್ಟಿದ್ದೇ ಆಗ!

ಆ ಗೌರವದಲ್ಲೇ ಅವಳ ಡ್ರೈವರಾಗಿ ಚೋರನೂರಿಗೆ ಹೋದೆ. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಉಳ್ಳಾಗಡ್ಡಿ ಬೆಳೆದಿದ್ದ ಹೆಂಗಸೊಬ್ಬಳನ್ನು ಅವಳ ಹೊಲದಲ್ಲೇ ಕೂರಿಸಿಕೊಂಡು ಅಕ್ಕ ಪ್ರಶ್ನೆ ಕೇಳುತ್ತಿದ್ದಳು. ಅಷ್ಟರಲ್ಲಿ ಕರೆಂಟು ಬಂತು. ಹೆಂಗಸು ದಿಗ್ಗನೆ ಎದ್ದಳು.

"ಅಕ್ಕಾರ, ಇದು ಯಾವಾಗ ಹೋಗ್ತೈತೋ ಗೊತ್ತಿಲ್ರಿ. ಹಿಂದಿನ ಸಾಲು ಬಾಡಾಕತ್ತೈತಿ!"

ಅಕ್ಕ ಪೆನ್ನು ಬಿಸಾಕಿ, ಸೀರೆ ಎತ್ತಿ ಕಟ್ಟಿ ಅವಳ ಹಿಂದೆಯೇ ಓಡಿದಳು. ನಾನು ಸುಮ್ಮನಿರಬಾರದೇ? ನೋಡೋಣವೆಂದು, ಬೋರಿನ ನೀರು ಹರಿಯುತ್ತಿದ್ದ ಸಣ್ಣ ಕಾಲುವೆಯ ಬದುವಿನ ಮೇಲೆ ಹತ್ತಿ ನಿಂತೆ. ಬದು ನನ್ನನ್ನು ತಾಳಲಿಲ್ಲ. ಕುಸಿದುಬಿತ್ತು. ನೀರೆಲ್ಲ ಪಕ್ಕದ ಬೀಳು ನೆಲಕ್ಕೆ ನುಗ್ಗಿತು!

"ಅಯ್ಯಯ್ಯೋ ಅಣ್ಣಾರ, ಏನ್ ಮಾಡಿದ್ರಿ!"

"ಅಲ್ಲೇ ಅಡ್ಡ ಕುಂದ್ರಲೇ!" ಅಕ್ಕ ಕೂಗಿದಳು.

ಕೂತೆ. ಒಡಕು ಪೂರ್ತಿ ಮುಚ್ಚಿಕೊಂಡಿತು! ಅವರಿಬ್ಬರೂ ಮಣ್ಣು ತಂದು ಬದು ಸರಿಮಾಡುವವರೆಗೆ ಕೆಸರಿನಲ್ಲಿ ಗಣಪತಿಯಂತೆ ಕೂತಿದ್ದೆ. ಇಷ್ಟು ವರ್ಷ ನಾನು ಉಂಡ ಅನ್ನ ನೀರಿನ ಉಪಯೋಗಕ್ಕೆ ಬಂದದ್ದು ಅಂದೇ.

ಹಿಂದಿನ ಸಾಲು ನೆನೆಯಿತು, ಕರೆಂಟು ಹೋಯಿತು. ಹೆಂಗಸು ನಿರಾಳವಾಗಿ ಉಸಿರು ಬಿಟ್ಟು ನಕ್ಕಳು. ನಾನು ಎದ್ದಾಗ ಚಪ್ಪಲಿ ಕೆಸರಿನ ಪಾಲಾಗಿತ್ತು, ಅಂಗಾಲನ್ನು ಚೂಪುಕಲ್ಲು ಸೀಳಿ ರಕ್ತ ಬರುತ್ತಿತ್ತು. ಅಕ್ಕ ಕೊಡದಲ್ಲಿ ನೀರು ತಂದು, ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತೊಳೆಯತೊಡಗಿದಳು. ನನ್ನ ತಲೆ ನರೆತಿದೆ, ಅವಳದಂತೂ ಪೂರಾ ಬೆಳ್ಳಗಾಗಿದೆ.

"ಅಕ್ಕಾ, ನನ್ನ ಕಾಲಿಗೆ ಎಷ್ಟು ನೀರು ಖರ್ಚಾತು?" ಎಂದೆ, ನಗಿಸಲೆಂದು.

ಅವಳು ಗಾಯದ ಮೇಲೆ ಮೆಲ್ಲಗೆ ಊದಿದಳು.

"ಭಾಳ ಉರಿಯಾಕತ್ತೈತೇನೋ?"