ಶುಭೋದಯಕ್ಕೆ ಒಂದು ಕಸಿ ಕಡ್ಡಿ

ತಾಯಲೂರಿನ ನನ್ನ ಸೋದರಮಾವನಿಗೆ ಯಾರಾದರೂ ‘ಶುಭೋದಯ’ ಎಂದು ಬರೆದರೆ, ಬರೆದವರಿಗೆ ಆ ದಿನ ಶುಭವಾಗುತ್ತಿರಲಿಲ್ಲ. ಇಂಥವರೂ ಇರುತ್ತಾರೆಯೇ ಎನ್ನಬೇಡಿ. ಇದ್ದಾರೆ!

ಎಲ್ಲ ಶುರುವಾಗಿದ್ದು ನಮ್ಮ ಬಂಧುಬಳಗದ ಮೊಬೈಲ್ ಗುಂಪಿನಿಂದ. ಮಾವ ಅದರಲ್ಲಿ ರೋಗ ಹತ್ತಿದ ಮಾವಿನ ಎಲೆಯ ಫೋಟೊ ಹಾಕಿ, ಏನು ಔಷಧಿ ಹೊಡೆಯಲಿ ಎಂದು ಕೇಳಿದರು. ಹನ್ನೆರಡು ಜನ ಕೈಮುಗಿದರು. ಇಬ್ಬರು ಹುಟ್ಟುಹಬ್ಬದ ಶುಭಾಶಯ ಹೇಳಿದರು. ಮುಳಬಾಗಿಲಿನ ಚಿಕ್ಕಮ್ಮ ‘ಓಂ ಶಾಂತಿ’ ಎಂದರು. ಮಾವ ಅಂದೇ ಗುಂಪು ಬಿಟ್ಟರು.

ಬಿಟ್ಟು ಸುಮ್ಮನಿರುವ ಜೀವವೇ ಅದು? ಹಿತ್ತಲ ಕೋಣೆಯಲ್ಲಿ ರಾಗಿ ಮೂಟೆಗಳ ಪಕ್ಕ ಹಳೇ ಕಂಪ್ಯೂಟರ್ ಇಟ್ಟುಕೊಂಡು, ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಜನ ಬರೆದು ಮಾತಾಡಿಕೊಳ್ಳಲು ತಮ್ಮದೇ ಒಂದು ಜಾಲ ಕಟ್ಟಿದರು.

“ಎಲ್ರ ಮಾತೂ ಒಂದೇ ಕಂಪನಿ ಮನೇಲಿ ಯಾಕಿರ್ಬೇಕು ಕಣೇ? ಮಾವು ಬೆಳೆಯೋರ ಮಾತು ನಮ್ಮನೇಲಿರ್ಲಿ, ಈ ಕಂಪ್ಯೂಟರಲ್ಲಿ. ಹಸು ಸಾಕೋರ್ದು ಮಾಲೂರಲ್ಲಿರ್ಲಿ. ಅವರವರ ಮನೆಗೆ ಅವರವರ ಕಟ್ಟುಪಾಡು. ಬೇಕಾದಾಗ ಒಬ್ರ ಮನೆಗೊಬ್ರು ಹೋಗಿ ಬರೋದು.”

“ಶ್ರೀನಿವಾಸಪುರದೋರು?”

“ಅವರು ಹಳೇ ರೇಡಿಯೊ ರಿಪೇರಿಯೋರು.”

ಸುತ್ತ ಮಾವಿನ ತೋಪುಗಳನ್ನೇ ಇಟ್ಟುಕೊಂಡು ರೇಡಿಯೊ ಬಿಚ್ಚುತ್ತಾ ಕೂತವರ ಬಗ್ಗೆ ಮಾವನಿಗೆ ಮರುಕವಿತ್ತು. ಕರೆಂಟು ಹೋದರೆ ನಮ್ಮ ಜಾಲವೂ ಮಲಗುತ್ತಿತ್ತು. ಆಗ ಮಾವ ಒಬ್ಬೊಬ್ಬರಿಗೂ ಫೋನ್ ಮಾಡಿ, “ಕರೆಂಟ್ ಬರೋಗಂಟ ಹೇಳ್ಬೇಕಾದ್ದನ್ನ ನೆನಪಿಟ್ಕೊಂಡಿರಿ” ಎನ್ನುತ್ತಿದ್ದರು.

ಅವರ ಕಟ್ಟುಪಾಡು ಒಂದೇ: ಮಾವಿನ ಮಾತು ಬಿಟ್ಟು ಬೇರೆ ಆಡಿದರೆ, ನಿಮ್ಮ ತೋಟದ ಒಂದು ಕಸಿ ಕಡ್ಡಿಯನ್ನು ಅವರ ಮನೆಗೆ ತಲುಪಿಸಬೇಕು. ಕೆಲವರು ಗೊಣಗಿದರು. “ಪೋನೀ, ಹೋಗ್ಲಿ ಬಿಡಿ, ಬೇಡಾಂದೋರು ಬೇರೆ ಮನೆ ಕಟ್ಕೊಳ್ಳಿ” ಎಂದರು ಮಾವ. ಯಾರೂ ಹೋಗಲಿಲ್ಲ. ಬಂದ ಕಡ್ಡಿಯನ್ನೆಲ್ಲ ಮಾವ ನಾಟಿ ಗಿಡಗಳಿಗೆ ಕಸಿ ಕಟ್ಟಿ, ಒಂದೊಂದಕ್ಕೂ ಚೀಟಿ ತೂಗುಹಾಕಿದರು: ‘ಯುಗಾದಿ ಶುಭಾಶಯ, ಕೋಲಾರ’, ‘ಸೊಸೆಯ ಮೇಲಿನ ದೂರು, ಮಾಲೂರು’.

ನಾವೆಲ್ಲ ನಗುತ್ತಿದ್ದೆವು, ನನ್ನ ಅಮ್ಮ ಒಬ್ಬರನ್ನು ಬಿಟ್ಟು. ಆ ಕಂಪ್ಯೂಟರ್ ಕೋಣೆಯ ಜಾಗದಲ್ಲಿ ಹಿಂದೆ ಒಂದು ಮಾವಿನ ಮರವಿತ್ತು. ಅಜ್ಜಿ ಉಪ್ಪಿನಕಾಯಿ ಹಾಕುತ್ತಿದ್ದದ್ದು ಅದರ ಕಾಯಿಯಿಂದಲೇ. ಜಾಲಕ್ಕೂ ಎಷ್ಟೋ ವರ್ಷ ಮೊದಲೇ ಮಾವ ತಮ್ಮ ಅಕ್ಕನನ್ನು ಒಂದು ಮಾತೂ ಕೇಳದೆ ಮರ ಕಡಿಸಿ, ರಾಗಿ ಮೂಟೆಗೆಂದು ಕೋಣೆ ಕಟ್ಟಿಸಿದ್ದರು. ಅಮ್ಮ ಜಗಳವಾಡಲಿಲ್ಲ. ತವರಿಗೆ ಹೋಗುತ್ತಿದ್ದರು, ಉಣ್ಣುತ್ತಿದ್ದರು. ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ, ಹಿತ್ತಲಿಗೆ ಕಾಲಿಡುತ್ತಿರಲಿಲ್ಲ.

ಕಳೆದ ವರ್ಷ ಮಾಸ್ತಿಯ ಒಬ್ಬ ಹೆಂಗಸು ಹೊಸದಾಗಿ ಜಾಲಕ್ಕೆ ಸೇರಿ, ಮೊದಲ ದಿನವೇ ಸೂರ್ಯನ ಚಿತ್ರದೊಡನೆ ಶುಭೋದಯ ಹೇಳಿಬಿಟ್ಟರು. ದಂಡ ಬಿತ್ತು. ಪಾಪ, ಬಸ್ಸು ಬದಲಾಯಿಸಿಕೊಂಡು ಕಡ್ಡಿ ತಂದರು. ಬರಿ ಕಡ್ಡಿ ಕೊಡುವುದು ಸರಿಯಲ್ಲವೆಂದು ನಾಲ್ಕು ಕಾಯನ್ನೂ ತಂದರು.

“ನಮ್ಮತ್ತೆ ಈ ಊರೋರೇ. ಮದುವೆಯಾಗಿ ಬರೋವಾಗ ನಿಮ್ಮ ಹಿತ್ತಲ ಮರದ ಕಸಿ ಗಿಡ ತಂದಿದ್ರಂತೆ” ಎಂದರು.

ಮಾವ ಅಂದು ಅಲ್ಲೇ ಇದ್ದ ಅಮ್ಮನ ಕೈಗೆ ಒಂದು ಕಾಯಿ ಇಟ್ಟರು. ಅಮ್ಮ ತೊಟ್ಟು ಮುರಿದು ಮೂಸಿದರು. ಮತ್ತೆ ಮೂಸಿದರು.

“ಲೇ, ನಮ್ಮ ಮರದ್ದೇ ಕಣೋ ಇದು.”

“ಇದನ್ನ ಹುಡುಕೋಕೇ ಅಕ್ಕ, ಇಷ್ಟೆಲ್ಲ ಮಾಡಿದ್ದು. ಕಡಿಸಿದೋನು ನಾನು. ಬಾಯಿಬಿಟ್ಟು ಕೇಳೋಕೆ ಮುಖ ಇರ್ಲಿಲ್ಲ. ಅದಕ್ಕೇ ದಂಡ ಇಟ್ಟೆ, ಯಾರ ತೋಟದಿಂದಾದ್ರೂ ಇದರ ಕಸಿ ಬಂದೀತು ಅಂತ.”

ನನಗೆ ನಗಲು ಆಗಲಿಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು, ಅಷ್ಟು ವರ್ಷಗಳ ಮೇಲೆ ಹಿತ್ತಲಿಗೆ ಇಳಿದರು. ಅವರು ನಾಟಿ ಗಿಡ ಹಿಡಿದುಕೊಂಡರು, ಮಾವ ಕಡ್ಡಿ ಕಟ್ಟಿದರು.

ಮರುದಿನ ಬೆಳಿಗ್ಗೆ ಜಾಲದಲ್ಲಿ ಸೂರ್ಯನ ಚಿತ್ರದೊಡನೆ ಒಂದು ‘ಶುಭೋದಯ’ ಬಂತು. ಬರೆದವರು ಮಾವ! ದಂಡ ಕಟ್ಟಿ ಎಂದು ನಾಲ್ಕು ತಾಲ್ಲೂಕಿನವರೂ ಮುಗಿಬಿದ್ದರು. ಮಾವ ಉತ್ತರ ಬರೆದರು: “ಗಿಡ ದೊಡ್ಡದಾಗ್ಲಿ, ಒಬ್ಬೊಬ್ರಿಗೂ ಒಂದೊಂದು ಕಡ್ಡಿ. ಇನ್ಮೇಲೆ ಒಬ್ಬರ ಹಿತ್ತಲಲ್ಲಿ ಕಡಿದ್ರೂ ಇನ್ನೊಬ್ಬರ ಹಿತ್ತಲಲ್ಲಿ ಇರುತ್ತೆ.”